ನಾಯಿ ಹಿಡ್ಕೊಳ್ಳಿ

ಜೂನ್ ೨೮, ಶುಕ್ರವಾರ

ಬಂದ ದಿನವೇ ಬೈಸಿಕೊಂಡೆ.

ಜೀಪು ನನ್ನನ್ನು ಹಳ್ಳದ ಈಚೆ ದಡದಲ್ಲಿ ಇಳಿಸಿ ಹೊರಟುಹೋಯಿತು. ಎದುರಿಗೆ ಐದು ಗುಡಾರಗಳಿದ್ದವು, ನಾಲ್ಕರ ನೆತ್ತಿಯಿಂದ ಹೊಗೆ ಏಳುತ್ತಿತ್ತು. ಎರಡು ಕೈಯಲ್ಲೂ ಚೀಲ ಹಿಡಿದು ಹತ್ತಿರದ ಗುಡಾರಕ್ಕೆ ನಡೆದೆ. ಬಾಗಿಲಿನ ಉಣ್ಣೆಯ ಪರದೆಗೆ ಕೈ ಹಾಕಬೇಕು, ಅಷ್ಟರಲ್ಲಿ ಹಿಂದೆ ಏನೋ ಬಂದು ನಿಂತ ಹಾಗಾಯಿತು. ಕರುವಿನಷ್ಟು ಎತ್ತರದ ಕಪ್ಪು ನಾಯಿ. ಕಿವಿಗಳನ್ನು ಬುಡದಲ್ಲೇ ಕತ್ತರಿಸಿದ್ದರು, ಕುತ್ತಿಗೆಯ ಸುತ್ತ ಬಿಳಿ ಪಟ್ಟೆ ಇತ್ತು. ಅದು ಬೊಗಳಲಿಲ್ಲ. ನನ್ನನ್ನೇ ನೋಡುತ್ತಿತ್ತು.

ಒಳಗಿಂದ ಮುದುಕರೊಬ್ಬರು ಓಡಿಬಂದು ಅದರ ಕುತ್ತಿಗೆಯ ಕೂದಲನ್ನು ಮುಷ್ಟಿಯಲ್ಲಿ ಹಿಡಿದರು. ಜುನುಶ್ ಅಜ್ಜ ಎಂದು ಆಮೇಲೆ ತಿಳಿಯಿತು.

"ಬಾಯಿ ಇಲ್ವೇನಮ್ಮ ನಿಂಗೆ? ದೂರದಲ್ಲೇ ನಿಂತು ಕೂಗಬಾರ್ದಾ?"

"ಏನಂತ ಕೂಗ್ಲಿ?"

"ನಾಯಿ ಹಿಡ್ಕೊಳ್ಳಿ ಅಂತ! ಒಳಗಿರೋರು ಹಿಡ್ಕೊಂಡಿದೀನಿ ಬಾ ಅಂದ್ಮೇಲೆ ಬರೋದು. ಎಲ್ಲಿ ಹುಟ್ಟಿದ್ದು ನೀನು?"

"ಕೆಳಗೆ ನಾರಿನ್ ಪಟ್ಟಣದಲ್ಲಿ."

"ಅದೂ ಒಂದು ಊರಾ," ಎಂದು ನಕ್ಕು ನಾಯಿಯನ್ನು ಆಚೆಗೆ ತಳ್ಳಿದರು.

ಅದರ ಹೆಸರು ಮೊಯ್ನೊಕ್. ಇಲ್ಲಿ ಅದನ್ನು ಜುನುಶ್ ಅಜ್ಜನಲ್ಲದೆ ಯಾರೂ ಮುಟ್ಟುವುದಿಲ್ಲವಂತೆ. ಹೊತ್ತು ಹೊತ್ತಿಗೆ ಅನ್ನ ಹಾಕುವ ಸೊಸೆಯೂ ಬಟ್ಟಲು ಇಟ್ಟು ಹಿಂದೆ ಸರಿಯುತ್ತಾಳೆ. ನನಗೆ ಇದು ವಿಚಿತ್ರವಾಗಿ ಕಂಡಿತು. ಇಷ್ಟು ಹೆದರಿಕೆಯ ನಡುವೆ ಮಕ್ಕಳು ಬೆಳೆಯುತ್ತಿದ್ದಾರೆ. ನಾನು ರಷ್ಯನ್ ಶಾಲೆಯಲ್ಲಿ ಓದಿದವಳು. ಯಾವುದನ್ನಾದರೂ ವಿವರಿಸಿಬಿಟ್ಟರೆ ಅದರ ಹೆದರಿಕೆ ಹೋಗುತ್ತದೆ ಎಂದು ಅಲ್ಲಿ ಕಲಿಸಿದ್ದರು. ಈಗಲೂ ನಂಬುತ್ತೇನೆ ಅನ್ನಿಸುತ್ತದೆ.

ಜುಲೈ ೨, ಮಂಗಳವಾರ

ನಾಲ್ಕರಿಂದ ಆರು ವರ್ಷದ ಹನ್ನೊಂದು ಮಕ್ಕಳು. ಖಾಲಿ ಇದ್ದ ಐದನೆಯ ಗುಡಾರವೇ ಶಾಲೆ. ಬೇಸಿಗೆ ಮುಗಿದು ಮಂದೆಗಳು ಕೆಳಗಿಳಿಯುವ ತನಕ ನಾನು ಇವರ ಎಜೆ. ಎಜೆ ಎಂದರೆ ಅಕ್ಕ, ಮೇಷ್ಟ್ರಮ್ಮನಿಗೂ ಅದೇ ಮಾತು.

ಇಂದು ನಾಯಿಯ ಪಾಠ. ನಗರದ ತರಬೇತಿಯಲ್ಲಿ ಕೊಟ್ಟ ಚಿತ್ರಪಟಗಳಲ್ಲಿ ಅದೂ ಒಂದು. ಮಲಗಿದ ನಾಯಿಯನ್ನು, ತಿನ್ನುತ್ತಿರುವ ನಾಯಿಯನ್ನು ಎಬ್ಬಿಸಬಾರದು. ನಾಯಿ ಮೈಮೇಲೆ ಬಂದರೆ ಓಡಬಾರದು, ಅಲ್ಲಾಡದೆ ನಿಲ್ಲಬೇಕು. ಪರಿಚಯ ಮಾಡಿಕೊಳ್ಳಬೇಕಾದರೆ ಮೊದಲು ಯಜಮಾನನನ್ನು ಕೇಳಬೇಕು, ಆಮೇಲೆ ನಿಧಾನವಾಗಿ ಹೋಗಿ ಬಲಗೈ ಚಾಚಿ ಮೂಸಲು ಬಿಡಬೇಕು, ಆಮೇಲೆ ಸವರಬಹುದು. ಎಲ್ಲಕ್ಕೂ ಚಿತ್ರಗಳಿವೆ. ಮೂಸುವ ಚಿತ್ರವೇ ಎಲ್ಲಕ್ಕಿಂತ ಚೆನ್ನಾಗಿದೆ. ಕೆಂಪು ಅಂಗಿಯ ಹುಡುಗಿ, ಹಳದಿ ನಾಯಿ.

"ಮರದ ಹಾಗೆ ನಿಲ್ಲಬೇಕು," ಎಂದೆ.

"ಗಾಳಿ ಬಂದ್ರೆ ಮರ ಅಲ್ಲಾಡುತ್ತೆ ಎಜೆ," ಎಂದ ತಿಲೆಕ್. ಐದು ವರ್ಷದ ವಕೀಲ.

"ಸರಿ. ಕುದುರೆ ಕಟ್ಟೋ ಕಂಬದ ಹಾಗೆ."

ಅದು ಎಲ್ಲರಿಗೂ ಒಪ್ಪಿಗೆಯಾಯಿತು. ಹನ್ನೊಂದು ಕಂಬಗಳು ಉಸಿರು ಬಿಗಿಹಿಡಿದು ನಿಂತವು.

ನಾನು ಉಣ್ಣೆಯಲ್ಲಿ ಹೊಲಿದ ಗೊಂಬೆ ನಾಯಿಯನ್ನು ತೆಗೆದಾಗ ತಿಲೆಕ್ ಅದರ ಬಾಯಿಗೆ ಬೆರಳು ಹಾಕಿ ನೋಡಿದ. "ಇದು ನಾಯಿನೇ ಅಲ್ಲ. ಇದಕ್ಕೆ ಹಲ್ಲೇ ಇಲ್ಲ."

ಎಲ್ಲರೂ ನಕ್ಕರು. ಸಾಲ್ಕಿನ್ ನಗಲಿಲ್ಲ. ಅವಳು ಜುನುಶ್ ಅಜ್ಜನ ಮೊಮ್ಮಗಳು, ಆರು ವರ್ಷ. ಮುಂದೆ ಬಂದು, "ಮುಟ್ಟಬಹುದಾ?" ಎಂದು ನನ್ನನ್ನು ಕೇಳಿ, ನಾನು ಹೂಂ ಅಂದ ಮೇಲೆ ಬಲಗೈ ಚಾಚಿ, ಗೊಂಬೆ ಮೂಸುವ ತನಕ ಕಾದಳು. ಗೊಂಬೆ ಎಲ್ಲಿ ಮೂಸುತ್ತದೆ? ನಾನೇ ಅದರ ಮೂಗನ್ನು ಅವಳ ಅಂಗೈಗೆ ಒತ್ತಿದೆ.

ಜುಲೈ ೯, ಮಂಗಳವಾರ

ಆಟ ಮಕ್ಕಳಿಗೆ ಅಂಟಿಕೊಂಡುಬಿಟ್ಟಿದೆ. ಪ್ರತಿದಿನ ನಾನು ಯಜಮಾನಿ, ಗೊಂಬೆ ನಾಯಿ, ಅವರು ಒಬ್ಬೊಬ್ಬರಾಗಿ ಬಂದು ಕೇಳುತ್ತಾರೆ. ಎಲ್ಲರಿಗೂ "ಹೂಂ, ಮುಟ್ಟು" ಅನ್ನುತ್ತೇನೆ.

ಮೊದಲ ವಾರ ಬಾಗಿಲಲ್ಲಿ ನಾಯಿಯ ನೆರಳು ಕಂಡರೂ ಅಳುತ್ತಿದ್ದ ಚಿಕ್ಕವನು ಇಂದು ಕಂಬದ ಹಾಗೆ ನಿಂತ. ತರಬೇತಿಯವರಿಗೆ ಕಾಗದ ಬರೆಯಬೇಕು ಎಂದುಕೊಂಡೆ. ಬರೆಯುವಷ್ಟು ಹೆಮ್ಮೆ ಇದೆ ಎಂದು ಗೊತ್ತಾಗಿ ಸ್ವಲ್ಪ ನಾಚಿಕೆಯೂ ಆಯಿತು.

ಸಂಜೆ ಪಕ್ಕದ ಗುಡಾರದ ಬೂಬುಶ್ ಅಜ್ಜಿ ಕುದುರೆ ಹಾಲು ಕಡೆಯುತ್ತಾ ಕುಳಿತಿದ್ದರು. ಎಂಬತ್ತು ದಾಟಿದ ಹೆಂಗಸು, ನಾಲಿಗೆಗೆ ಇನ್ನೂ ಹದಿನೆಂಟು.

"ಏನ್ ಮೇಷ್ಟ್ರಮ್ಮ, ಮಕ್ಕಳಿಗೆ ಪಾಠ ಆಯ್ತು, ನಾಯಿಗಳಿಗೆ ಯಾವಾಗ ಶುರು ಮಾಡ್ತೀಯ?"

"ಅವುಗಳಿಗೆ ನೀವು ಹೇಳಿಕೊಡಿ ಅಜ್ಜಿ."

"ಅವಕ್ಕೆ ಹೇಳ್ಬೇಕಾಗಿಲ್ಲ. ಅವಕ್ಕೆ ಗೊತ್ತು."

ಆಮೇಲೆ ಸಾಲ್ಕಿನ್ ಹುಟ್ಟಿದಾಗಿನ ಕಥೆ ಹೇಳಿದರು. ಮಗುವಿನ ಮೊದಲ ಅಂಗಿಗೆ ನಾಯಿ ಅಂಗಿ ಎನ್ನುವುದು ನನಗೂ ಗೊತ್ತಿತ್ತು. ನಾರಿನ್‌ನಲ್ಲಿ ಅದು ಬರೀ ಹೆಸರು. ಇಲ್ಲಿ ಅದನ್ನು ನಿಜವಾಗಿಯೂ ಮೊದಲು ನಾಯಿಗೇ ಹಾಕುತ್ತಾರೆ, ಮಗು ನಾಯಿಯ ಹಾಗೆ ಗಟ್ಟಿಯಾಗಲಿ ಎಂದು. ಬೂಬುಶ್ ಅಜ್ಜಿಯ ಹಳೆಯ ಬಿಳಿ ನಿಲುವಂಗಿಯಿಂದಲೇ ಅಂಗಿ ಕತ್ತರಿಸಿದ್ದಂತೆ. ಆಗ ಮೊಯ್ನೊಕ್ ಎರಡು ತಿಂಗಳ ಮರಿ. ಅದರ ಕುತ್ತಿಗೆಗೆ ತೊಡಿಸಿ ತೆಗೆದು ಮಗುವಿಗೆ ಹಾಕಿದರು. ನಲವತ್ತನೆಯ ದಿನ ಅಂಗಿ ಬಿಚ್ಚಿ, ಅದರಲ್ಲಿ ಮಿಠಾಯಿ ಕಟ್ಟಿ, ಮರಿಯ ಕುತ್ತಿಗೆಗೆ ಬಿಗಿದು ಓಡಿಸಿದರು. ಊರ ಮಕ್ಕಳೆಲ್ಲ ಮಿಠಾಯಿಗಾಗಿ ಅದರ ಹಿಂದೆ ಓಡಿದವು.

"ನಾಯಿ ಹಿಂದೆ ಮಕ್ಕಳು ಓಡೋದು ಅದೊಂದೇ ದಿನ," ಎಂದರು ಅಜ್ಜಿ. "ಆಮೇಲೆ ಅದರ ದಾರಿ ಅದಕ್ಕೆ, ಇವರ ದಾರಿ ಇವರಿಗೆ."

ಸಾಲ್ಕಿನ್ ಪಕ್ಕದಲ್ಲೇ ಕೇಳುತ್ತಿದ್ದಳು. "ಮೊಯ್ನೊಕ್ ನನ್ನ ಅಂಗಿ ಅಣ್ಣ," ಎಂದಳು.

ಜುಲೈ ೧೧, ಗುರುವಾರ

ಮೊಯ್ನೊಕ್ ಸಾಲ್ಕಿನ್‌ಳ ಕೈ ಕಚ್ಚಿದೆ. ಎಡಗೈ. ಅವಳ ಅಪ್ಪ ಅಮ್ಮ ಅವಳನ್ನು ಜೀಪಿನಲ್ಲಿ ನಾರಿನ್‌ಗೆ ಕರೆದೊಯ್ದರು. ಬರೆಯಲಾರೆ.

ಜುಲೈ ೧೨, ಶುಕ್ರವಾರ

ಇಂದು ಬರೆಯುತ್ತೇನೆ. ಆದದ್ದು ಆದ ಹಾಗೆ.

ಮೊನ್ನೆ ರಾತ್ರಿ ತೋಳಗಳು ಬಂದಿದ್ದವಂತೆ, ಮೊಯ್ನೊಕ್ ಕಾದಿದೆ. ಭುಜದಲ್ಲಿ ಗಾಯ. ನಿನ್ನೆ ಬೆಳಿಗ್ಗೆ ಗುಡಾರದ ಹಿಂದಿನ ನೆರಳಲ್ಲಿ ಬಿದ್ದುಕೊಂಡಿತ್ತು. ಜುನುಶ್ ಅಜ್ಜ ಮಂದೆಯ ಜೊತೆ ಹೋಗಿದ್ದರು. ಸಾಲ್ಕಿನ್ ಶಾಲೆಗೆ ಹೊರಟವಳು ಬೋರ್ಸೋಕ್, ಎಣ್ಣೆಯಲ್ಲಿ ಕರಿದ ರೊಟ್ಟಿ ತುಂಡು, ತಿನ್ನುತ್ತಾ ಹಿಂಬದಿಯಿಂದ ಬಂದಿದ್ದಾಳೆ.

ಕೂಗು ಕೇಳಿಸಲಿಲ್ಲ. ಅವಳು ಕೂಗಲೇ ಇಲ್ಲ. ತಿಲೆಕ್ ಬಂದು, "ಎಜೆ, ಸಾಲ್ಕಿನ್ ಕಂಬ ಆಗಿದಾಳೆ, ರಕ್ತ ಬರ್ತಿದೆ," ಎಂದ.

ಹೋದಾಗ ನಾಯಿ ಇಪ್ಪತ್ತು ಹೆಜ್ಜೆ ದೂರ ಸರಿದು ಮಲಗಿತ್ತು. ಅವಳು ಇನ್ನೂ ನಿಂತೇ ಇದ್ದಳು, ಕಾಲು ಜೋಡಿಸಿ, ನೆಲ ನೋಡುತ್ತಾ, ನಾನು ಕಲಿಸಿದ ಹಾಗೆಯೇ. ಬಲಗೈಯಲ್ಲಿ ಬೋರ್ಸೋಕ್ ಹಾಗೇ ಇತ್ತು.

ಅವಳನ್ನು ಎತ್ತಿಕೊಂಡು ಹೋಗಿ ಬಟ್ಟೆ ಸೋಪು ಹಚ್ಚಿ, ಹೂಜಿಯಿಂದ ನೀರು ಸುರಿದು, ಕಾಲು ಗಂಟೆ ಗಾಯ ತೊಳೆದೆ. ಅದೂ ಚಿತ್ರಪಟದಲ್ಲಿದೆ. ಕಿರುಬೆರಳು ವಕ್ರವಾಗಿತ್ತು. ತೊಳೆಯುವಾಗ ಅವಳು ನನ್ನ ಕಿವಿಯ ಹತ್ತಿರ ಹೇಳಿದಳು: "ಮೂಸಕ್ಕೆ ಕೊಟ್ಟೆ, ಎಜೆ."

ಬೇರೆ ಯಾರಿಗೂ ಕೇಳಿಸಲಿಲ್ಲ.

ಜುನುಶ್ ಅಜ್ಜ ಮಧ್ಯಾಹ್ನ ಬಂದವರು ಕುದುರೆಯಿಂದ ಇಳಿದು ನೇರ ಗುಡಾರದೊಳಗೆ ಹೋಗಿ ಬಂದೂಕು ತಂದರು. ಇಲ್ಲಿ ಮಗುವನ್ನು ಕಚ್ಚಿದ ನಾಯಿಯನ್ನು ಯಜಮಾನನೇ ಅದೇ ದಿನ ಮುಗಿಸಬೇಕು. ಬೇರೆಯವರು ಹೇಳುವ ತನಕ ಕಾಯುವುದು ಅವಮಾನ. ನಾನು ಎದುರಿಗೆ ನಿಂತೆ. ಹತ್ತು ದಿನ ಅದನ್ನು ಜೀವಂತ ಇಟ್ಟು ನೋಡಬೇಕು. ಹತ್ತು ದಿನ ಆರೋಗ್ಯವಾಗಿದ್ದರೆ ಹುಚ್ಚು ರೋಗವಿಲ್ಲ, ಮಗುವಿಗೆ ಅಪಾಯವಿಲ್ಲ. ಈಗಲೇ ಕೊಂದರೆ ಇಲ್ಲಿ ತಿಳಿಯುವ ದಾರಿಯಿಲ್ಲ ಎಂದೆ.

"ಸೂಜಿ ಹಾಕ್ತಾರಲ್ಲ?"

"ಹಾಕ್ತಾರೆ. ಆದ್ರೂ ನೋಡ್ಬೇಕು ಅಜ್ಜ. ಡಾಕ್ಟರೂ ಇದನ್ನೇ ಹೇಳ್ತಾರೆ."

ಅವರು ಬಂದೂಕನ್ನು ಒಳಗಿಟ್ಟು ಬಂದರು. ಆಮೇಲೆ ಎಲ್ಲ ಗುಡಾರದವರ ಎದುರು ರೊಟ್ಟಿಯ ಮೇಲೆ ಕೈಯಿಟ್ಟು ಹೇಳಿದರು: "ಹತ್ತು ದಿನ. ಹತ್ತನೇ ದಿನ ನನ್ನ ಕೈಯಾರೆ."

ನಾಯಿಯನ್ನು ಹಳ್ಳದ ಆಚೆ ಸರಪಳಿಯಲ್ಲಿ ಕಟ್ಟಿದ್ದಾರೆ. ಅದನ್ನು ಹುಟ್ಟಿದಾಗಿನಿಂದ ಯಾರೂ ಕಟ್ಟಿರಲಿಲ್ಲವಂತೆ. ದಿನಕ್ಕೆ ಎರಡು ಸಲ ನೋಡಿ ಬರೆದಿಡುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ.

ಮೊದಲ ದಿನ: ನೀರು ಕುಡಿಯಿತು. ತಿನ್ನಲಿಲ್ಲ. ಜೊಲ್ಲಿಲ್ಲ.

ಮೂಸುವ ಚಿತ್ರವನ್ನು ಗೋಡೆಯಿಂದ ತೆಗೆದು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಗಾಳಿಗೆ ಹರಿಯುತ್ತಿತ್ತು ಎಂದು ಮಕ್ಕಳಿಗೆ ಹೇಳಿದೆ.

ಜುಲೈ ೧೪, ಭಾನುವಾರ

ನೀರು ಕುಡಿಯಿತು. ಅರ್ಧ ರೊಟ್ಟಿ ತಿಂದಿತು.

ಜುನುಶ್ ಅಜ್ಜನ ಗೆಳೆಯ ಮಾಮಿರ್ ಕಣಿವೆಯ ಆಚೆಯಿಂದ ಬಂದಿದ್ದರು. ಒಂಟಿ ಮನುಷ್ಯ. ಬೆಟ್ಟ ದಾಟಿದರೆ ಅವರ ಮಂದೆ, ಮನುಷ್ಯರ ಸುಳಿವಿಲ್ಲದ ಜಾಗ. ಅವರ ನಾಯಿಯನ್ನು ತೋಳಗಳು ಕೊಂದಿವೆ. ಸೊಸೆ ದಾರಿಕಾ ನಾರಿನ್‌ನಲ್ಲಿ ಮಗಳ ಜೊತೆ ಇರುವುದರಿಂದ ಚಹಾ ಬಗ್ಗಿಸುವ ಕೆಲಸ ನನಗೆ ಬಂತು.

"ಮೊಯ್ನೊಕ್‌ನ ನಂಗೆ ಕೊಡು," ಎಂದರು ಮಾಮಿರ್. "ಹತ್ತು ದಿನ ಮುಗೀಲಿ, ಬಂದು ಕರ್ಕೊಂಡು ಹೋಗ್ತೀನಿ. ನನ್ನ ಹತ್ರ ಮಕ್ಕಳೂ ಇಲ್ಲ ಮರಿಗಳೂ ಇಲ್ಲ. ಅದು ಯಾರನ್ನ ಕಚ್ಚುತ್ತೆ, ನನ್ನನ್ನಾ? ನನ್ನಲ್ಲಿ ಮಾಂಸ ಎಲ್ಲಿದೆ?"

ಜುನುಶ್ ಅಜ್ಜ ನಗಲಿಲ್ಲ. "ಕಾರಣ ಇಲ್ದೆ ಮಗು ಮೇಲೆ ಹಾಯ್ದ ನಾಯಿ. ಅಂಥದ್ದನ್ನ ಗೆಳೆಯನಿಗೆ ಕೊಟ್ಟು ನಾನು ಹೆಂಗೆ ಮಲಗ್ಲಿ?"

"ಕಾರಣ ಇದ್ದಿದ್ರೆ?"

"ಇದ್ದಿದ್ರೆ ನಾನೇ ಹಿಡ್ಕೊಂಡು ಬಂದು ನಿನ್ನ ಬಾಗಿಲಿಗೆ ಬಿಡ್ತಿದ್ದೆ. ರೊಟ್ಟಿ ಮುಟ್ಟಿ ಹೇಳಿದ ಮಾತನ್ನ ಎಲ್ಲರ ಮುಂದೆ ಬಿಚ್ಚುಸ್ಕೋತಿದ್ದೆ. ಎಲ್ಲಿದೆ ಕಾರಣ?" ನನ್ನ ಕಡೆ ತಿರುಗಿದರು. "ಏನಮ್ಮ ಮೇಷ್ಟ್ರಮ್ಮ, ಮಗು ಏನಾದ್ರೂ ಕೆಣಕಿತ್ತಾ?"

"ನಾನು ನೋಡಲಿಲ್ಲ," ಎಂದೆ.

ಅದು ನಿಜ. ನಾನು ನೋಡಿರಲಿಲ್ಲ.

ಮಾಮಿರ್ ಬಟ್ಟಲು ಮುಂದೆ ಚಾಚಿದರು. ನಾನು ಅಂಚಿನವರೆಗೆ ತುಂಬಿಸಿಬಿಟ್ಟೆ. ಅತಿಥಿಗೆ ಅರ್ಧ ಬಟ್ಟಲೇ ಕೊಡಬೇಕು, ತುಂಬಿಸಿದರೆ ಎದ್ದು ಹೋಗು ಎಂದರ್ಥ. ಇದು ನಾರಿನ್‌ನಲ್ಲೂ ಎಲ್ಲರಿಗೂ ಗೊತ್ತು. ಬೂಬುಶ್ ಅಜ್ಜಿ ನನ್ನ ಕೈ ನೋಡಿದರು, ಆಮೇಲೆ ಮುಖ ನೋಡಿದರು.

"ಮಾಮಿರನ್ನ ಓಡಿಸ್ತಾ ಇದೀಯಾ?"

"ಕೈ ಜಾರಿತು ಅಜ್ಜಿ."

ಮಾಮಿರ್ ನಗುತ್ತಲೇ ಕುಡಿದು ಎದ್ದರು. ಹಳ್ಳದ ಕೆಳಗಿನ ಗುಡಾರಗಳಿಂದ ಒಂದು ಎಳೆಯ ನಾಯಿಯನ್ನು ಕೊಂಡು ಸಂಜೆಯೇ ಬೆಟ್ಟ ಹತ್ತಿದರು.

ಜುಲೈ ೧೫, ಸೋಮವಾರ

ಕುಡಿಯಿತು. ತಿಂದಿತು.

ನಾನು ಹೇಳದೆ ಉಳಿದದ್ದು ಮಕ್ಕಳ ಶಾಲೆ ನಿಲ್ಲಬಾರದು ಎಂದು. ಹಾಗೆ ಬರೆದು ಓದಿ ನೋಡಿದೆ. ಅಕ್ಷರ ಮಾತ್ರ ಚೆನ್ನಾಗಿದೆ.

ಜುಲೈ ೧೭, ಬುಧವಾರ

ಈಗ ನಾನು ಬಟ್ಟಲು ಹಿಡಿದು ಹಳ್ಳ ದಾಟುವುದು ಕಂಡರೆ ಮೊಯ್ನೊಕ್ ಎದ್ದು ನಿಲ್ಲುತ್ತಾನೆ. ಸರಪಳಿಯ ಉದ್ದವೆಷ್ಟೆಂದು ನೆಲದಲ್ಲಿ ಗೀರಿಕೊಂಡಿದ್ದೇನೆ, ಗೀರಿನ ಹೊರಗೆ ಬಟ್ಟಲಿಟ್ಟು ಕೋಲಿನಿಂದ ತಳ್ಳುತ್ತೇನೆ. ತಿನ್ನುವಾಗ ತಿರುಗಿ ಕೂರುತ್ತೇನೆ. ನೋಡುತ್ತಿದ್ದರೆ ಅವನಿಗೆ ಇಷ್ಟವಾಗುವುದಿಲ್ಲ.

ಸರಪಳಿ ಎಳೆದೆಳೆದು ಕುತ್ತಿಗೆಯ ಬಿಳಿ ಪಟ್ಟೆಯಲ್ಲಿ ಕೂದಲು ಉದುರಿದೆ. ಕುರಿಗಳು ಇಳಿದು ಬರುವ ಹೊತ್ತಿಗೆ ಎದ್ದು, ಎಣಿಸುವವನ ಹಾಗೆ ತಲೆ ತಿರುಗಿಸುತ್ತಾನೆ. ಕೊನೆಯ ಕುರಿ ಒಳಗೆ ಹೋದ ಮೇಲೆಯೇ ಮಲಗುವುದು. ಕಟ್ಟಿಹಾಕಿದ್ದರೂ ಕೆಲಸ ಬಿಟ್ಟಿಲ್ಲ.

ಇವನಿಗೆ ನಮ್ಮ ಸಲಿಗೆ ಬೇಕಾಗಿಯೇ ಇರಲಿಲ್ಲ. ನಮ್ಮನ್ನು ಕಾಯುವುದಕ್ಕೆ ನಮ್ಮ ಕೈ ಮೂಸಬೇಕಾಗಿರಲಿಲ್ಲ.

ಜುಲೈ ೧೯, ಶುಕ್ರವಾರ

ಸಾಲ್ಕಿನ್ ಬಂದಳು. ಮೂರು ಸೂಜಿ ಆಗಿದೆ. ಕೈಗೆ ದೊಡ್ಡ ಬಿಳಿ ಕಟ್ಟು. ಜೀಪಿನಿಂದ ಇಳಿದವಳು ನೇರ ನನ್ನ ಹತ್ತಿರ ಬಂದಳು.

"ಎಜೆ, ಒಂದು ಕೇಳ್ಲಾ?"

"ಕೇಳು ಪುಟ್ಟಿ."

"ಎಡಗೈ ಕೊಟ್ಟಿದ್ದಕ್ಕಾ ಕಚ್ಚಿದ್ದು? ಬಲಗೈಲಿ ಬೋರ್ಸೋಕ್ ಇತ್ತು. ನೀವು ಬಲಗೈ ಅಂದಿದ್ರಿ. ನಾನು ಮರೆತುಬಿಟ್ಟೆ."

ಅವಳ ಮುಂದೆ ಮಂಡಿಯೂರಿ ಕುಳಿತೆ.

"ಅಜ್ಜ ಇರ್ಲಿಲ್ಲ. ಅದಕ್ಕೆ ಮೊಯ್ನೊಕ್‌ನೇ ಕೇಳ್ದೆ, ಮುಟ್ಟಬಹುದಾ ಅಂತ. ಅವನು ಬೇಡ ಅನ್ಲಿಲ್ಲ."

ಯಜಮಾನ ಬೇಡ ಅನ್ನುವ ಆಟವನ್ನು ನಾನು ಒಂದು ಸಲವೂ ಆಡಿಸಿರಲಿಲ್ಲ.

ಅವಳ ಕೈ ಹಿಡಿದುಕೊಂಡೇ ಜುನುಶ್ ಅಜ್ಜನ ಗುಡಾರಕ್ಕೆ ಹೋದೆ. ಅಜ್ಜ ಇದ್ದರು, ದಾರಿಕಾ ಚೀಲ ಬಿಚ್ಚುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಗೊಂಬೆ, ಚಿತ್ರ, ಹೂಂ ಮುಟ್ಟು, ಗಾಯ ತೊಳೆಯುವಾಗ ಅವಳು ಹೇಳಿದ್ದು, ಮಾಮಿರ್ ಬಂದ ದಿನ ನಾನು ಹೇಳದಿದ್ದದ್ದು. ಆಮೇಲೆ ಸಾಲ್ಕಿನ್ ಕಡೆ ತಿರುಗಿ, "ಕೈ ಯಾವುದಾದರೂ ಅಷ್ಟೇ ಪುಟ್ಟಿ. ನೀನು ತಪ್ಪು ಮಾಡಲಿಲ್ಲ. ನಾನು ತಪ್ಪು ಕಲಿಸಿದೆ," ಎಂದೆ.

ದಾರಿಕಾ ಮಡಚುತ್ತಿದ್ದ ಬಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು. ಧ್ವನಿ ಎತ್ತರಿಸಲಿಲ್ಲ.

"ಎಂಟು ದಿನ. ಎಂಟು ದಿನ ನನ್ನ ಮಗಳು ನಿದ್ದೆಲಿ ನಂದೇ ತಪ್ಪು, ನಂದೇ ತಪ್ಪು ಅಂತಿದ್ಲು. ನಾನು ಜ್ವರ ಅಂದ್ಕೊಂಡು ಹಣೆಗೆ ಬಟ್ಟೆ ಹಾಕ್ತಿದ್ದೆ. ಒಂದು ಮಾತು ಹೇಳಿ ಕಳಿಸಿದ್ರೆ ಆಗ್ತಿರ್ಲಿಲ್ವಾ ಎಜೆ?"

ಆಗುತ್ತಿತ್ತು.

"ಹೋಗಿ ಈಗ. ನಿಮ್ಮ ಮುಖ ನೋಡೋಕೆ ಆಗ್ತಿಲ್ಲ ನಂಗೆ."

ನಾನು ಹೊರಗೆ ಬಂದಾಗ ಜುನುಶ್ ಅಜ್ಜ ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು.

ಜುಲೈ ೨೦, ಶನಿವಾರ

ಬೆಳಿಗ್ಗೆ ಬಟ್ಟಲು ಹಿಡಿದು ಹೋದಾಗ ಜುನುಶ್ ಅಜ್ಜ ಆಗಲೇ ಅಲ್ಲಿ ಕುಳಿತಿದ್ದರು. ಮೊಯ್ನೊಕ್ ಅವರ ಮಂಡಿಗೆ ತಲೆ ಒರಗಿಸಿದ್ದ. ನಾನು ಗೀರಿನ ಹೊರಗೆ ನಿಂತೆ.

"ಅಜ್ಜ, ಈಗ ಕಾರಣ ಗೊತ್ತಾಯ್ತಲ್ಲ. ಮಾಮಿರ್‌ಗೆ ಹೇಳಿ ಕಳಿಸಿ. ನಾನೇ ಹೋಗ್ತೀನಿ, ಕುದುರೆ ಕೊಡಿ."

"ಕುದುರೆ ಮೇಲೆ ಕೂರೋಕೆ ಬರುತ್ತಾ ನಿಂಗೆ?"

"ಇಲ್ಲ."

ಸ್ವಲ್ಪ ನಕ್ಕರು. "ಮಾಮಿರ್ ಬೇರೆ ನಾಯಿ ತಗೊಂಡಾಯ್ತು. ಒಂದು ಮಂದೆಗೆ ಎರಡು ಗಂಡು ಆಗಲ್ಲ, ಒಂದನ್ನ ಒಂದು ಕೊಲ್ತವೆ."

"ಬೇರೆ ಯಾರಾದ್ರೂ..."

"ಕೇಳಿಲ್ಲಿ." ಅವರು ಅವನ ತಲೆ ಸವರುವುದನ್ನು ನಿಲ್ಲಿಸಲಿಲ್ಲ. "ಮೊದಲ್ನೇ ದಿನ ಆಗಿದ್ರೆ ಅದು ಒಂದು ಸಲ ಆದದ್ದು. ನೋವಿತ್ತು, ಮುಖದ ಮುಂದೆ ಕೈ ಬಂತು. ಈಗ ಒಂಬತ್ತು ದಿನ ಸರಪಳಿಲಿ ಇದೆ. ನಿನ್ನೆ ತಿಲೆಕ್ ಹಳ್ಳದ ಆ ದಡದಲ್ಲಿ ಆಡ್ತಿದ್ದ. ಇದು ಎದ್ದು ಸರಪಳಿ ಜಗ್ಗಿದ್ದನ್ನ ನಾನು ನೋಡ್ದೆ. ಆಗ ಗುರುಗುಟ್ಟಿದ್ದು ಇದರ ದನಿ ಅಲ್ಲ. ತಪ್ಪು ಯಾರದ್ದು ಅಂತ ನಾಯಿಗೆ ಗೊತ್ತಿಲ್ಲಮ್ಮ. ಅದಕ್ಕೆ ಗೊತ್ತಿರೋದು ಇಷ್ಟೇ, ಕಚ್ಚಿದ್ರೆ ಕೈ ದೂರ ಹೋಗುತ್ತೆ, ಆ ಸಣ್ಣ ಕೈಯಿಂದ ಸರಪಳಿ ಬರುತ್ತೆ. ನಾಳೆ ಬಿಟ್ಟಾಗ ಇನ್ನೊಂದು ಮಗು ಹತ್ರ ಹೋದ್ರೆ?"

ನಾನು ಅಳುತ್ತಿದ್ದೆ ಅನಿಸುತ್ತದೆ.

"ನಿನ್ನ ಮೇಲೆ ಸಿಟ್ಟಿದೆ," ಎಂದರು. "ಇರ್ಲಿ ಅದು. ಇನ್ನೊಂದೂ ಇದೆ. ಅವಳು ಓಡಿದ್ದಿದ್ರೆ ಬೆನ್ನು ಹತ್ತಿ ಕುತ್ತಿಗೆಗೆ ಹಾರ್ತಿತ್ತು. ನಿಂತ್ಲು. ಕಂಬದ ಹಾಗೆ ನಿಂತ್ಲಂತೆ. ಅದೂ ನೀನೇ ಕಲಿಸಿದ್ದು."

ಎರಡನ್ನೂ ಒಟ್ಟಿಗೆ ಹೊತ್ತುಕೊಳ್ಳಲು ಆಗುತ್ತಿಲ್ಲ. ಒಂದನ್ನು ಹಿಡಿದರೆ ಇನ್ನೊಂದು ಕೈಯಿಂದ ಜಾರುತ್ತದೆ.

ಜುಲೈ ೨೧, ಭಾನುವಾರ

ಹತ್ತನೆಯ ದಿನ. ನೀರು ಕುಡಿದ. ರೊಟ್ಟಿ ತಿಂದ. ಕಣ್ಣು ತಿಳಿಯಾಗಿದೆ. ಜೊಲ್ಲಿಲ್ಲ. ಭುಜದ ಗಾಯ ಒಣಗಿದೆ. ಸಾಲ್ಕಿನ್‌ಗೆ ಯಾವ ಅಪಾಯವೂ ಇಲ್ಲ.

ಮಧ್ಯಾಹ್ನ ಜುನುಶ್ ಅಜ್ಜ ಸರಪಳಿ ಬಿಚ್ಚಿದರು. ಮಂದೆಗೆ ಹೊರಡುವಾಗ ಹಾಕುವ ಸಿಳ್ಳೆ ಹಾಕಿದರು. ಅವನು ಅವರ ಕುದುರೆಯ ಮುಂದೆ ಓಡಿದ, ಬಾಲ ಎತ್ತಿ. ಅವರ ಕೋಟಿನ ಎದೆಯಿಂದ ಒಂದು ಬಿಳಿ ಬಟ್ಟೆಯ ತುದಿ ಇಣುಕುತ್ತಿತ್ತು. ಮಗುವಿನ ಅಂಗಿಯ ಚಿಕ್ಕ ತೋಳು.

ದಾರಿಕಾ ಮಕ್ಕಳನ್ನೆಲ್ಲ ತನ್ನ ಗುಡಾರದೊಳಗೆ ಕರೆದು, ಪಾತ್ರೆಗಳನ್ನು ಬಡಿಯುವ ಆಟ ಆಡಿಸಿದಳು. ನನಗೂ ಒಂದು ಪಾತ್ರೆ ಕೊಟ್ಟಳು.

ಅಜ್ಜ ಹಿಂತಿರುಗಿದಾಗ ಕೋಟಿನ ಎದೆ ಚಪ್ಪಟೆಯಾಗಿತ್ತು.

ಜುಲೈ ೨೩, ಮಂಗಳವಾರ

ದಾರಿಕಾ ಸಾಲ್ಕಿನ್‌ಳನ್ನು ಶಾಲೆಗೆ ಕಳಿಸಿದಳು. ಬಾಗಿಲ ತನಕ ಬಂದು, ನನ್ನನ್ನು ನೋಡದೆ, ಮಗಳ ತಲೆ ಸವರಿ ಹೋದಳು. ಕಳಿಸುತ್ತಾಳೆ ಎಂದು ನಾನು ಎಣಿಸಿರಲಿಲ್ಲ.

ನಿನ್ನೆ ಕುಳಿತು ಗೊಂಬೆಗೆ ಬಿಳಿ ಉಣ್ಣೆಯಲ್ಲಿ ಹಲ್ಲು ಹೊಲಿದೆ. ಮೇಲೆ ಹತ್ತು, ಕೆಳಗೆ ಹತ್ತು. ತಿಲೆಕ್ ಬೆರಳಿಟ್ಟು ಪರೀಕ್ಷಿಸಿ, "ಈಗ ಪರವಾಗಿಲ್ಲ," ಎಂದ.

ಹೊಸ ಆಟ. ಗೊಂಬೆ ಗುಡಾರದ ಬಾಗಿಲಲ್ಲಿ ಮಲಗಿರುತ್ತದೆ. ಮಕ್ಕಳು ಹೊರಗೆ, ದೂರದಲ್ಲಿ ನಿಂತು ಕೂಗಬೇಕು. ಒಳಗಿನವರು ಹಿಡ್ಕೊಂಡಿದೀನಿ ಅಂದರೆ ಮಾತ್ರ, ನಾಯಿಯಿಂದ ದೂರ ಸುತ್ತುಬಳಸಿ ಬರಬೇಕು. ಯಾರೂ ಮುಟ್ಟುವುದಿಲ್ಲ. ನಾಯಿಗಳು ಕೆಲಸದಲ್ಲಿವೆ.

"ಯಾರೂ ಏನೂ ಅನ್ನದಿದ್ರೆ?" ತಿಲೆಕ್.

"ಅಲ್ಲೇ ನಿಲ್ಲೋದು."

"ಆಮೇಲೂ ಅನ್ನದಿದ್ರೆ?"

"ವಾಪಸ್ ಹೋಗೋದು."

ಐದು ಸಲ ಆಡಿದೆವು. ಎರಡು ಸಲ ನಾನು ಬೇಕೆಂದೇ ಉತ್ತರ ಕೊಡಲಿಲ್ಲ. ಬಿಸಿಲಿನಲ್ಲಿ ನಿಂತು ನಿಂತು, ಒಬ್ಬರ ಹಿಂದೆ ಒಬ್ಬರು ಗೊಣಗುತ್ತಾ ವಾಪಸ್ ಹೋದರು. ಆ ಗೊಣಗು ಕೇಳಿ ನನಗೆ ಎಷ್ಟೋ ದಿನದ ಮೇಲೆ ಸಮಾಧಾನವಾಯಿತು.

ಎಲ್ಲರೂ ಹೋದ ಮೇಲೆ ಸಾಲ್ಕಿನ್ ಗೊಂಬೆಯ ಪಕ್ಕ ಕುಳಿತಳು, ಮುಟ್ಟದೆ.

"ಎಜೆ, ಮಾಮಿರ್ ಅಜ್ಜನ ಹತ್ರ ಮಕ್ಕಳಿದಾರಾ?"

ಮೊಯ್ನೊಕ್ ಮಾಮಿರ್ ಜೊತೆ ಹೋದ ಎಂದು ಅವಳಿಗೆ ಮನೆಯಲ್ಲಿ ಹೇಳಿದ್ದಾರೆ.

"ಇಲ್ಲ," ಎಂದೆ.

"ಹಾಗಾದ್ರೆ ಒಳ್ಳೇದಾಯ್ತು. ಅಲ್ಲಿ ಯಾರೂ ಅವನಿಗೆ ಕೈ ಕೊಡಲ್ಲ."

ಮಾಮಿರ್‌ಗೆ ಮಕ್ಕಳಿಲ್ಲ, ಅದು ನಿಜ. ನಾನು ನೋಡಿರಲಿಲ್ಲ ಎಂಬುದೂ ನಿಜವೇ ಆಗಿತ್ತು.

ಜುಲೈ ೨೫, ಗುರುವಾರ

ಎರಡು ದಿನ ಯೋಚಿಸಿದೆ. ಹೇಳುವುದು ನನ್ನ ಹಕ್ಕಲ್ಲ. ಅವಳ ಅಮ್ಮನ ಹಕ್ಕು, ಅಜ್ಜನ ಹಕ್ಕು. ಆದರೆ ಮುಂದಿನ ಬೇಸಿಗೆಯಲ್ಲಿ ಮಾಮಿರ್ ಎಳೆಯ ನಾಯಿಯೊಂದಿಗೆ ಬೆಟ್ಟ ಇಳಿದು ಬರುತ್ತಾರೆ, ಅವಳು ಏಳು ವರ್ಷದವಳಾಗಿರುತ್ತಾಳೆ, ಕೇಳುತ್ತಾಳೆ. ಮತ್ತೆ ಯಾವುದೋ ತಪ್ಪನ್ನು ತನ್ನದೆಂದುಕೊಂಡು ನಿದ್ದೆಯಲ್ಲಿ ಬಡಬಡಿಸುತ್ತಾಳೆ. ಅವಳಿಗೆ ನಿಜ ಹೇಳಿಬಿಡಿ, ಬೇಕಾದರೆ ನಾನೂ ಪಕ್ಕದಲ್ಲಿ ಕೂರುತ್ತೇನೆ ಎಂದು ಕೇಳಿಕೊಳ್ಳಲು ಸಂಜೆ ಜುನುಶ್ ಅಜ್ಜನ ಗುಡಾರಕ್ಕೆ ಹೊರಟೆ. ದಾರಿಕಾ ಇನ್ನೂ ನನ್ನೊಂದಿಗೆ ಮಾತಾಡಿಲ್ಲ. ಬಾಗಿಲಲ್ಲೇ ನಿಲ್ಲಿಸಿದರೂ ನಿಲ್ಲಿಸಲಿ.

ಕುದುರೆ ಕಟ್ಟುವ ಕಂಬದ ಹತ್ತಿರ ಬಂದಾಗ ಕಾಲು ತಾನಾಗಿ ನಿಂತಿತು.

"ನಾಯಿ ಹಿಡ್ಕೊಳ್ಳಿ!" ಎಂದು ಕೂಗಿದೆ.

ಕೂಗಿದ ಮೇಲೆ ಗೊತ್ತಾಯಿತು. ಒಳಗೆ ಬಟ್ಟಲುಗಳ ಸದ್ದು ನಿಂತಿತು. ಪಕ್ಕದ ಗುಡಾರದ ಮುಂದೆ ಹಾಲು ಕಡೆಯುತ್ತಿದ್ದ ಬೂಬುಶ್ ಅಜ್ಜಿಯ ಕೈಯೂ ನಿಂತಿತು. ವಾಪಸ್ ಹೋಗಬೇಕು ಎಂದುಕೊಂಡೆ, ಆದರೂ ನಿಂತೇ ಇದ್ದೆ. ಕುರಿಗಳು ಆಗಷ್ಟೇ ಇಳಿದು ಬರುತ್ತಿದ್ದವು. ಅವು ಹಳ್ಳ ದಾಟಿ ಮುಗಿಯುವಷ್ಟು ಹೊತ್ತಾಯಿತು.

ಆಮೇಲೆ ಬಾಗಿಲಿನ ಪರದೆ ಸರಿಯಿತು. ಜುನುಶ್ ಅಜ್ಜ ಹೊರಗೆ ಬಂದು ನಿಂತರು. ಸ್ವಲ್ಪ ಬಾಗಿ, ಬಲಗೈಯನ್ನು ಮಂಡಿಯ ಮಟ್ಟಕ್ಕೆ ಇಳಿಸಿ, ಮುಷ್ಟಿ ಬಿಗಿದರು.

"ಹಿಡ್ಕೊಂಡಿದೀನಿ," ಎಂದರು. "ಬಾ."

ನಾನು ಅವರ ಬಲಗಡೆ ಜಾಗ ಬಿಟ್ಟು, ಸುತ್ತುಬಳಸಿ ಒಳಗೆ ಹೋದೆ.